ಪಶುರೂಪದ ಮೌನ

ಮನುಷ್ಯನು ಮೃಗವಾಗುವುದು ನಮ್ಮ ಕಥೆಗಳಿಗೆ ಹೊಸ ಸಂಗತಿಯೇನೂ ಅಲ್ಲ. ಋಷಿಯ ಶಾಪದಿಂದಲೋ, ರಾಕ್ಷಸನ ಮಾಯೆಯಿಂದಲೋ, ಯೋಗಿಯ ಪರಕಾಯಪ್ರವೇಶದಿಂದಲೋ ಒಂದು ದೇಹವು ಇನ್ನೊಂದಾಗಿ ಮಾರ್ಪಡುವ ವೃತ್ತಾಂತಗಳನ್ನು ಬಾಲ್ಯದಿಂದಲೇ ಕೇಳಿ ಬೆಳೆದ ನಮಗೆ ಅದರಲ್ಲಿ ವಿಸ್ಮಯವು ಸಹ ಹೆಚ್ಚಾಗಿ ಉಳಿದಿಲ್ಲ. ಆದರೆ ಹಾಗೆ ಮೃಗವಾದವನು, ಮನುಷ್ಯರಾಗಿಯೇ ಉಳಿದ ತನ್ನ ಸಂಗಡಿಗರಿಗೆ ಮನಸ್ಸಿನಲ್ಲಿರುವುದನ್ನು ಹೇಗೆ ತಿಳಿಸಬೇಕು ಎಂಬ ಪ್ರಶ್ನೆಯನ್ನು ಕಥೆಗಾರನ ಇಷ್ಟಕ್ಕೆ ಬಿಡದೆ, ಕಾಯಿದೆಯ ಪುಸ್ತಕದಲ್ಲಿ ಕಟ್ಟಳೆಯಂತೆ ಬರೆದು, ಅದರ ಮೇಲೆ ಆಟಗಾರರು ಗಂಟೆಗಟ್ಟಲೆ ವಾದಿಸುವಂತೆ ಮಾಡಿದ್ದು ಮಾತ್ರ ಅಮೆರಿಕಾದೇಶದಲ್ಲಿ ಹುಟ್ಟಿದ ಒಂದು ಮೇಜಿನ ಆಟ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಈ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿ 1974ರಲ್ಲಿ ಪ್ರಕಟಿಸಿದರು. ಇದರಲ್ಲಿ ಚದುರಂಗದಂತೆ ಸೋಲುಗೆಲುವಿಲ್ಲ. ನಾಲ್ಕೈದು ಜನ ಒಟ್ಟಿಗೆ ಕುಳಿತು, ಒಬ್ಬೊಬ್ಬನು ಒಂದೊಂದು ಪಾತ್ರವನ್ನು ಧರಿಸಿ, ತನ್ನ ಪಾತ್ರವು ಏನು ಮಾಡುತ್ತದೆಂಬುದನ್ನು ಬಾಯಿಂದ ಹೇಳುತ್ತ ಹೋಗುತ್ತಾನೆ. ಆ ಕಾರ್ಯ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುತ್ತದೆ. ಇವರೆಲ್ಲರ ಮುಂದೆ ಕುಳಿತು, ಕಾಡು ಹೀಗಿದೆ, ಗುಹೆಯ ಬಾಗಿಲು ಹಾಗಿದೆ, ಒಳಗಿನಿಂದ ಯಾರೋ ಕೆಮ್ಮಿದರು ಎಂದು ವರ್ಣಿಸತಕ್ಕವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ನಮ್ಮ ದೊಡ್ಡಾಟವನ್ನು ಕಂಡವರಿಗೆ ಇವನನ್ನು ಬೇರೆ ಪರಿಚಯಿಸಬೇಕಾಗಿಲ್ಲ. ರಂಗಕ್ಕೆ ಬಂದ ಪಾತ್ರವನ್ನು ತಡೆದು ನಿಲ್ಲಿಸಿ, ನೀವು ಯಾರು, ಬಂದ ಕಾರಣವೇನೆಂದು ಕೇಳಿ ಕಥೆಯನ್ನು ಮುಂದಕ್ಕೆ ನಡೆಸುವ ಸಾರಥಿಯೇ ಇಲ್ಲಿ ವೇಷವಿಲ್ಲದೆ, ಗೆಜ್ಜೆಯಿಲ್ಲದೆ ಕುಳಿತಿದ್ದಾನೆ.

ಈ ಆಟದ ಪಾತ್ರಗಳಲ್ಲಿ ‘ಡ್ರೂಯಿಡ್’ ಎಂಬುದೊಂದು. ವನದೇವತೆಗಳನ್ನು ಆರಾಧಿಸುವ, ಗಿಡಮರಗಳ ಮರ್ಮವನ್ನು ಬಲ್ಲ ಸಾಧಕನೆಂದು ಇವನನ್ನು ತಿಳಿಯಬಹುದು. 1976ರಲ್ಲಿ ಹೊರಬಂದ ಒಂದು ಪೂರಕ ಪುಸ್ತಕದ ಮೂಲಕ ಆಟಗಾರರ ಕೈಗೆ ದೊರೆತ ಈ ಪಾತ್ರವು, 1978ರ ನಿಯಮಗಳ ಪ್ರಕಾರ, ಅನುಭವದ ಏಳನೆಯ ಮೆಟ್ಟಿಲನ್ನು ಮುಟ್ಟಿದ ಮೇಲೆ ದಿನಕ್ಕೆ ಮೂರು ಸಲ, ಒಮ್ಮೆ ಸರೀಸೃಪವಾಗಿ, ಒಮ್ಮೆ ಪಕ್ಷಿಯಾಗಿ, ಒಮ್ಮೆ ಸಸ್ತನಿಯಾಗಿ ರೂಪವನ್ನು ಬದಲಾಯಿಸಬಹುದಾಗಿತ್ತು. 2014ರ ಐದನೆಯ ಆವೃತ್ತಿಯಲ್ಲಿ ಈ ಶಕ್ತಿಯು ಎರಡನೆಯ ಮೆಟ್ಟಿಲಿನಲ್ಲಿಯೇ ಲಭಿಸುತ್ತದೆ. ಎರಡು ಸಲ ರೂಪ ತಾಳಿದ ಮೇಲೆ ವಿಶ್ರಾಂತಿ ಬೇಕು. ಬುದ್ಧಿ ವಿವೇಕಗಳು ಮನುಷ್ಯನವೇ ಆಗಿರುತ್ತವೆ, ಆದರೆ ಮಾತು ಮಾತ್ರ ಆ ಮೃಗದ ಕಂಠಕ್ಕೆ ಎಷ್ಟು ಸಾಧ್ಯವೋ ಅಷ್ಟೇ. ಎಂದರೆ ಕರಡಿಯಾದವನು ಗುರುಗುಟ್ಟಬಹುದು, ತೋಳವಾದವನು ಊಳಿಡಬಹುದು. ‘ಬಾಗಿಲ ಹಿಂದೆ ಇಬ್ಬರಿದ್ದಾರೆ, ಒಬ್ಬನ ಕೈಯಲ್ಲಿ ಬಿಲ್ಲಿದೆ’ ಎಂದು ಹೇಳಲಾರನು.

ಇಲ್ಲಿ ಒಂದು ಸ್ವಾರಸ್ಯವುಂಟು. ಮೃಗವಾದರೆ ತಾನೆ ಮಾತು ಹೋಗುವುದು, ಗಿಳಿಯಾದರೆ ಆಯಿತಲ್ಲ ಎಂದು ಚತುರರು ಯೋಚಿಸದೆ ಇರುತ್ತಾರೆಯೆ? 2003ರ ಪರಿಷ್ಕೃತ ಆವೃತ್ತಿಯನ್ನು ಬರೆದವರು ಈ ಕಿಂಡಿಯನ್ನು ಮೊದಲೇ ಊಹಿಸಿ, ಕಾಡುಗಿಳಿಯ ಸಹಜವಾದ ಸದ್ದು ಕಿರಿಚುವುದೇ ಹೊರತು ನುಡಿಯುವುದಲ್ಲ, ಆದಕಾರಣ ಗಿಳಿಯ ರೂಪದಲ್ಲಿಯೂ ಮಾತಿಲ್ಲವೆಂದು ಸ್ಪಷ್ಟವಾಗಿ ಬರೆದು ಮುಚ್ಚಿಬಿಟ್ಟರು. ಪಂಜರದ ಗಿಳಿಯ ಬಾಯಲ್ಲಿ ಎಪ್ಪತ್ತು ಕಥೆಗಳನ್ನು ಹೇಳಿಸಿದ ಶುಕಸಪ್ತತಿಯ ನಾಡಿನವರಾದ ನಮಗೆ ಇದು ಸ್ವಲ್ಪ ಜಿಪುಣತನವೆಂದು ತೋರದಿರದು. 2014ರ ನಿಯಮದಲ್ಲಿ ಆ ವಾಕ್ಯವಿಲ್ಲವಾಗಿ, ಕಾಡುಕಾಗೆಯು ತಾನು ಕೇಳಿದ ಸರಳವಾದ ಸದ್ದುಗಳನ್ನು ಅನುಕರಿಸಬಲ್ಲದೆಂದು ಬೇರೊಂದು ಕಡೆ ಬರೆದಿರುವುದನ್ನು ಹಿಡಿದುಕೊಂಡು ವಾದ ಮಾಡುವವರಿಗೆ ಮತ್ತೆ ಕೆಲಸ ದೊರೆತಿದೆ.

ಭೀಮೆಯ ದಕ್ಷಿಣದಲ್ಲಿರುವ, ಇತ್ತೀಚಿನವರೆಗೆ ಸಿಂದಗಿ ತಾಲೂಕಿಗೆ ಸೇರಿದ್ದ ಆಲಮೇಲದಲ್ಲಿ, ಒಂದು ಮನೆಯ ಪಡಸಾಲೆಯಲ್ಲಿ ನಾಲ್ವರು ತರುಣರು ಈ ಆಟಕ್ಕೆ ಕುಳಿತರೆಂದು ಭಾವಿಸೋಣ. ಕರಡಿಯ ರೂಪದಲ್ಲಿ ಗುಹೆಯನ್ನು ಹೊಕ್ಕು ಬಂದವನು ಕಂಡದ್ದನ್ನೆಲ್ಲ ಉತ್ಸಾಹದಿಂದ ಹೇಳಲು ತೊಡಗುತ್ತಾನೆ. ಆಗ ಸಾರಥಿಯ ಸ್ಥಾನದಲ್ಲಿರುವವನು, ‘ಲೇ ತಮ್ಮಾ, ನೀ ಈಗ ಕರಡಿ ಆಗೀದಿ, ಮಾತಾಡಬ್ಯಾಡ’ ಎನ್ನುತ್ತಾನೆ. ತೊಡಕೆಲ್ಲ ಇಲ್ಲಿಯೇ ಇದೆ. ಆಟಗಾರನಿಗೆ ಬಾಯಿದೆ, ಪಾತ್ರಕ್ಕಿಲ್ಲ. ಗೆಳೆಯರ ಕಿವಿಗೆ ಬಿದ್ದ ಸುದ್ದಿಯು ಅವರ ಪಾತ್ರಗಳ ಕಿವಿಗೆ ಬಿದ್ದಿಲ್ಲ. ಕೇಳಿಯೂ ಕೇಳದವರಂತೆ, ಬಿಲ್ಲುಗಾರನಿದ್ದಾನೆಂದು ತಿಳಿದೂ ತಿಳಿಯದವರಂತೆ ಬಾಗಿಲನ್ನು ತೆರೆಯುವ ಪ್ರಾಮಾಣಿಕತೆಯು ಈ ಆಟದಲ್ಲಿ ಅತ್ಯಂತ ಕಷ್ಟವಾದ ಅಭಿನಯ. ಅನೇಕರು ಇದನ್ನು ತಪ್ಪಿಸಿಕೊಳ್ಳಲು ಕರಡಿಗೆ ಹೇಗಾದರೂ ಮಾತು ಕೊಡಿಸುವ ದಾರಿಯನ್ನು ಹುಡುಕುತ್ತಾರೆ. ಕರಡಿಯು ಮೂಕವಾಗಿರುವುದೇ ಮೇಲೆಂಬುದು ನನ್ನ ಪಕ್ಷ.

ಏಕೆಂದರೆ ಮೂಕವಾದ ವೇಷದೊಡನೆ ವ್ಯವಹರಿಸುವ ವಿದ್ಯೆಯನ್ನು ನಮ್ಮ ಈ ಸೀಮೆಯ ಜನರು ಬಹುಕಾಲದಿಂದ ಬಲ್ಲರು. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮೊಹರಮ್ ಬಂತೆಂದರೆ, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ನಡುವೆ, ಹರಕೆ ಹೊತ್ತು ಮೈಗೆ ಹಳದಿಯ ಬಣ್ಣ ಬಳಿದು ಪಟ್ಟೆ ಬರೆಸಿಕೊಂಡ ಹುಲಿಗಳು ಬರುತ್ತವೆ. ವೇಷ ಕಟ್ಟಿದ ಮೇಲೆ ಅವನು ಹುಲಿ. ನೆರೆಮನೆಯವರ ಯೋಗಕ್ಷೇಮ ವಿಚಾರಿಸುವುದು ಹುಲಿಯ ಕೆಲಸವಲ್ಲ. ಆದರೂ ಹುಲಿಗೂ ಹಲಗಿಯವನಿಗೂ ನಡುವೆ ಮಾತು ನಡೆದೇ ಇರುತ್ತದೆ: ಪೆಟ್ಟು ಬಿರುಸಾದರೆ ನೆಗೆತ, ಸಡಿಲಾದರೆ ಹೊಂಚು, ಹುಲಿಯು ತಲೆಯನ್ನು ತಗ್ಗಿಸಿ ನಿಂತರೆ ಅದು ದಣಿದಿದೆಯೆಂದು ಬಲ್ಲ ಹಲಗಿಯವನು ಲಯವನ್ನು ತಾನಾಗಿ ಇಳಿಸುತ್ತಾನೆ. ಕೋಲೆಬಸವನನ್ನು ಕರೆತರುವವರದು ಇದಕ್ಕಿಂತಲೂ ಸೂಕ್ಷ್ಮವಾದ ಕಲೆ. ಝೂಲು ಹೊದಿಸಿ ಕೋಡಿಗೆ ಗೊಂಡೆ ಕಟ್ಟಿದ ಎತ್ತನ್ನು ಅಂಗಳದಲ್ಲಿ ನಿಲ್ಲಿಸಿ, ಈ ಮನೆಗೆ ಒಳ್ಳೆಯದಾಗುತ್ತದೆಯೇ ಬಸವಣ್ಣಾ ಎಂದು ಕೇಳಿದರೆ ಅದು ಹೌದೆಂದು ತಲೆಯಾಡಿಸುತ್ತದೆ. ಪ್ರಶ್ನೆಯ ಧಾಟಿಯಲ್ಲಿಯೇ, ಹಗ್ಗದ ಒಂದು ಎಳೆತದಲ್ಲಿಯೇ ಉತ್ತರವು ಅಡಗಿರುತ್ತದೆಂದು ಬಲ್ಲವರು ಬಲ್ಲರು. ಹೌದು, ಅಲ್ಲ ಎಂಬ ಎರಡೇ ಉತ್ತರಗಳಿಂದ ಸಂಭಾಷಣೆಯು ನಡೆಯಬೇಕಾದರೆ ಪ್ರಶ್ನೆ ಕೇಳುವವನು ಜಾಣನಾಗಿರಬೇಕಾಗುತ್ತದೆ. ಮೂಕಕರಡಿಯ ಸಂಗಡಿಗರಿಗೂ ಇದೇ ಮಾತು ಸಲ್ಲುತ್ತದೆ. ‘ಒಳಗೆ ಏನು ಕಂಡಿ?’ ಎಂದು ಕೇಳಿದರೆ ಕರಡಿಯು ಏನು ಮಾಡೀತು? ‘ಒಳಗೆ ಜನರುಂಟೆ? ಇಬ್ಬರಿಗಿಂತ ಹೆಚ್ಚೆ? ಎಚ್ಚರವಾಗಿದ್ದಾರೆಯೆ?’ ಎಂದು ಮೆಟ್ಟಿಲುಮೆಟ್ಟಿಲಾಗಿ ಕೇಳಿದರೆ ತಲೆಯಾಡಿಸುವುದರಲ್ಲಿಯೇ ಗುಹೆಯ ಚಿತ್ರವೆಲ್ಲ ಹೊರಬರುತ್ತದೆ.

ಆದರೆ ಸಂಕೇತವು ಮೊದಲೇ ನಿಶ್ಚಯವಾಗಿರಬೇಕು. ಮೃಗವಾದ ಮೇಲೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯವಿಲ್ಲ. ಇದನ್ನು ಎ. ಕೆ. ರಾಮಾನುಜನ್ ಅವರು ಕನ್ನಡ ನಾಡಿನಲ್ಲಿ ಸಂಗ್ರಹಿಸಿದ, ಹೂ ಬಿಡುವ ಮರವಾಗುವ ಹುಡುಗಿಯ ಕಥೆಯಷ್ಟು ದಾರುಣವಾಗಿ ಹೇಳುವ ಕಥೆಯನ್ನು ನಾನು ಬೇರೆ ಕಾಣೆ. ಬಡತಾಯಿಯ ಕಿರಿಮಗಳೊಬ್ಬಳು ಹೂ ಮಾರಿ ಮನೆಗೆ ನೆರವಾಗಬೇಕೆಂದು ಮರವಾಗಲು ನಿಶ್ಚಯಿಸಿ, ಮೊದಲು ಅಕ್ಕನನ್ನು ಕೂರಿಸಿಕೊಂಡು ಎಲ್ಲವನ್ನೂ ತಿಳಿಸುತ್ತಾಳೆ: ಈ ಕೊಡದ ನೀರನ್ನು ಸುರಿದರೆ ಮರವಾಗುತ್ತೇನೆ, ಟೊಂಗೆ ಮುರಿಯದಂತೆ ಎಲೆ ಹರಿಯದಂತೆ ಹೂವನ್ನು ಬಿಡಿಸಿಕೋ, ಆಮೇಲೆ ಆ ಕೊಡದ ನೀರನ್ನು ಸುರಿದರೆ ಮತ್ತೆ ಮನುಷ್ಯಳಾಗುತ್ತೇನೆ. ಮರಕ್ಕೆ ಬಾಯಿಲ್ಲವೆಂಬುದು ಅವಳಿಗೆ ಗೊತ್ತು. ಆದ್ದರಿಂದ ಬಾಯಿರುವಾಗಲೇ ಹೇಳಿಬಿಡುತ್ತಾಳೆ. ಅಕ್ಕನ ಕೈಯಲ್ಲಿ ಯಾವ ಅಪಾಯವೂ ಒದಗುವುದಿಲ್ಲ. ರಾಜಕುಮಾರನನ್ನು ಮದುವೆಯಾದ ಮೇಲೆ ಗಂಡನ ತಂಗಿಯೂ ಅವಳ ಗೆಳತಿಯರೂ ಬಲವಂತದಿಂದ ಅವಳನ್ನು ಮರವಾಗಿಸಿ, ಹೇಳಿದ ಮಾತನ್ನು ಮರೆತು ಟೊಂಗೆಗಳನ್ನು ಕಿತ್ತು, ನೀರನ್ನು ಅಡ್ಡಾದಿಡ್ಡಿಯಾಗಿ ಎರಚಿ ಹೋಗುತ್ತಾರೆ. ಮರವೂ ಅಲ್ಲದೆ ಮನುಷ್ಯಳೂ ಅಲ್ಲದೆ, ಕೈಕಾಲುಗಳಿಲ್ಲದ ಒಂದು ಮುದ್ದೆಯಾಗಿ ಅವಳು ಉಳಿಯುತ್ತಾಳೆ. ಬಹುಕಾಲದ ನಂತರ ಗಂಡನು ಅವಳನ್ನು ಗುರುತಿಸಿ, ಮತ್ತೆ ಮರವಾಗಿಸಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿದ ಮೇಲೆಯೇ ಅವಳಿಗೆ ಪೂರ್ಣರೂಪವು ಬರುವುದು. ಈ ಕಥೆಯನ್ನು ಆಧರಿಸಿ ಜಾನ್ ಆಡಮ್ಸ್ ಎಂಬ ಅಮೆರಿಕಾದ ಸಂಗೀತಗಾರನು ರಚಿಸಿದ ಗೀತನಾಟಕವು 2006ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಯೋಗವಾಯಿತು. ನಮ್ಮಲ್ಲಿ ಅಜ್ಜಿಯರು ಅಡುಗೆಮನೆಯಲ್ಲಿ ಹೇಳುತ್ತಿದ್ದುದು ಅಷ್ಟು ದೂರ ಹೋದುದು ಸಂತೋಷವೇ ಸರಿ.

ಸಂಕೇತದ ಇನ್ನೊಂದು ಮುಖವೆಂದರೆ ನಂಬಿಕೆ. ರೂಪವನ್ನು ಬದಲಾಯಿಸುವ ಶಕ್ತಿಯು ಮಿತ್ರನಿಗಿರುವಂತೆ ಶತ್ರುವಿಗೂ ಇರುವ ಲೋಕದಲ್ಲಿ, ಬಾಗಿಲಿಗೆ ಬಂದ ತೋಳವು ನಮ್ಮವನೆಂದು ತಿಳಿಯುವುದು ಹೇಗೆ? ಸುಂದರಕಾಂಡದಲ್ಲಿ ಆಂಜನೇಯನಿಗೆ ಒದಗಿದ ಸಂಕಟವು ಇದೇ. ಗಾತ್ರವನ್ನು ಕುಗ್ಗಿಸಿಕೊಂಡು ಲಂಕೆಯನ್ನು ಹೊಕ್ಕು, ಶಿಂಶಪಾವೃಕ್ಷದ ಎಲೆಗಳ ಮರೆಯಲ್ಲಿ ಕುಳಿತ ಆತನು, ಪಂಡಿತರ ಸಂಸ್ಕೃತದಲ್ಲಿ ಮಾತನಾಡಿದರೆ ಸೀತೆಯು ತನ್ನನ್ನು ರಾವಣನೆಂದು ಬಗೆದು ಹೆದರಿಯಾಳೆಂದು ತರ್ಕಿಸಿ, ಸಾಮಾನ್ಯ ಮನುಷ್ಯರ ನುಡಿಯಲ್ಲಿ ರಾಮಕಥೆಯನ್ನು ಮೆಲ್ಲನೆ ಹೇಳತೊಡಗುತ್ತಾನೆ. ಆದರೂ ಅವಳ ಸಂದೇಹವು ತೀರದು. ಮಾಯಾಮೃಗದಿಂದ ಒಮ್ಮೆ ಮೋಸಹೋದವಳು ಕಪಿಯನ್ನು ಸುಲಭವಾಗಿ ನಂಬುವಳೆ? ಕೊನೆಗೆ ಅವಳ ನಂಬಿಕೆಯನ್ನು ಗಟ್ಟಿಮಾಡಿದ್ದು ರಾಮನ ಉಂಗುರ. ಆಂಜನೇಯನು ಹಿಂದಿರುಗುವಾಗ ಸೀತೆಯು ಚೂಡಾಮಣಿಯನ್ನು ಕೊಟ್ಟದ್ದಲ್ಲದೆ, ತಾನೂ ರಾಮನೂ ಇಬ್ಬರೇ ಬಲ್ಲ ಕಾಗೆಯ ಪ್ರಸಂಗವನ್ನೂ ಹೇಳಿ ಕಳುಹಿಸಿದಳು. ಹೋಗುವ ಸಂದೇಶಕ್ಕೊಂದು, ಬರುವ ಸಂದೇಶಕ್ಕೊಂದು ಗುರುತು. ವಿರಾಟನ ಊರಿನಲ್ಲಿ ವೇಷ ಮರೆಸಿಕೊಂಡಿದ್ದ ಪಾಂಡವರು ಸಹ ತಮ್ಮತಮ್ಮೊಳಗೆ ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಗುಪ್ತನಾಮಗಳನ್ನು ಇಟ್ಟುಕೊಂಡೇ ಊರನ್ನು ಹೊಕ್ಕರು. ಈ ಎಚ್ಚರಿಕೆಯನ್ನು ಆಟಗಾರರು ಅನುಸರಿಸುವುದು ವಿಹಿತ.

ಇನ್ನು ಮಂತ್ರೋಪಾಯಗಳ ಮಾತು. ಇದೇ ಆಟದಲ್ಲಿ, ಎಂಟು ಜನರ ಮನಸ್ಸುಗಳನ್ನು ಒಂದು ಗಂಟೆಯ ಕಾಲ ಒಂದಕ್ಕೊಂದು ಬೆಸೆದು, ಬಾಯಿ ತೆರೆಯದೆ ಸಂಭಾಷಿಸುವಂತೆ ಮಾಡುವ ಮಂತ್ರವೊಂದುಂಟು. ಪಶುಪಕ್ಷಿಗಳ ನುಡಿಯು ಹತ್ತು ನಿಮಿಷ ತಿಳಿಯುವಂತೆ ಮಾಡುವ ಸುಲಭವಾದ ಇನ್ನೊಂದುಂಟು. ದೂರದಿಂದ ಪಿಸುನುಡಿ ಕಳುಹಿಸುವ ಮೂರನೆಯದರಿಂದ ಸಂಗಡಿಗರ ಮಾತು ಕರಡಿಯ ಕಿವಿಗೆ ಮುಟ್ಟೀತು, ಕರಡಿಯ ಉತ್ತರವು ಮಾತ್ರ ಬಾರದು. ಅವಸರದ ಯುದ್ಧದಲ್ಲಿ ಇವುಗಳನ್ನು ಬಳಸಿದರೆ ನನ್ನ ಆಕ್ಷೇಪವಿಲ್ಲ. ಆದರೆ ಪ್ರತಿಸಲವೂ ಮೊದಲಿಗೆ ಮನಸ್ಸುಗಳನ್ನು ಬೆಸೆದುಕೊಂಡೇ ಹೊರಡುವ ತಂಡದಲ್ಲಿ ಕರಡಿಯು ಕೇವಲ ರೋಮವಿರುವ ಮನುಷ್ಯನಾಗಿಬಿಡುತ್ತದೆ. ರೂಪಾಂತರಕ್ಕೆ ತೆರಬೇಕಾದ ಬೆಲೆಯನ್ನು ತೆರದೆ ಅದರ ಬಲವನ್ನು ಮಾತ್ರ ಅನುಭವಿಸಿದಂತಾಗುತ್ತದೆ. ಇನ್ನೊಬ್ಬರ ಮಂತ್ರಕ್ಕೆ ಸಿಕ್ಕಿ ಮೃಗವಾದವನ ಗತಿಯಾದರೋ ಬೇರೆ. 2014ರ ನಿಯಮದಂತೆ ಅವನ ಬುದ್ಧಿಯೂ ಮೃಗದ್ದೇ ಆಗುವುದರಿಂದ, ಕಪ್ಪೆಯಾದ ವೀರನಿಗೆ ಹೇಳಬೇಕಾದ ಸುದ್ದಿಯೇ ಇರುವುದಿಲ್ಲ. ಅವನನ್ನು ಜೇಬಿನಲ್ಲಿಟ್ಟುಕೊಂಡು ಓಡುವುದೊಂದೇ ಸಂಗಡಿಗರ ಕರ್ತವ್ಯ.

ಆದಕಾರಣ ಈ ಆಟಕ್ಕೆ ಹೊಸದಾಗಿ ಕೂಡುವ ನಮ್ಮ ತರುಣರಲ್ಲಿ ನನ್ನ ವಿನಂತಿಯಿಷ್ಟೆ. ದಾಳವನ್ನು ಕೈಗೆತ್ತಿಕೊಳ್ಳುವ ಮೊದಲು ಹೌದಿಗೆ ಏನು, ಅಲ್ಲಕ್ಕೆ ಏನು, ಅಪಾಯಕ್ಕೆ ಯಾವ ಸದ್ದು, ಹಿಂದಕ್ಕೆ ಸರಿಯಿರೆಂಬುದಕ್ಕೆ ಯಾವ ಸನ್ನೆ, ನಾನೇ ಎಂಬುದಕ್ಕೆ ಯಾವ ಗುರುತು ಎಂಬೈದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿರಿ. ಕರಡಿಯು ಉಗುರಿನಿಂದ ಮಣ್ಣಿನಲ್ಲಿ ಅಕ್ಷರ ಬರೆಯಬಹುದೇ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಒಂದೆರಡು ಗೆರೆಗಳಿಗೆ ಒಪ್ಪಿಗೆ ಕೊಟ್ಟು, ಒತ್ತಕ್ಷರಕ್ಕೆ ದಾಳ ಹಾಕಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ಸಾರಥಿಯ ಸ್ಥಾನದಲ್ಲಿ ಕುಳಿತವನು ದಾಕ್ಷಿಣ್ಯಕ್ಕೆ ಬೀಳದೆ, ಮೃಗವಾದವನ ಬಾಯನ್ನು ಅವನು ಮರಳಿ ಮನುಷ್ಯನಾಗುವವರೆಗೆ ಮುಚ್ಚಿಸಿಯೇ ಇಡಬೇಕು.