ನೀರಿನ ವಿಷಕ್ಕೆ ತುಕ್ಕಿನ ಮದ್ದು

ಕುಡಿಯುವ ನೀರನ್ನು ಕೆಡಿಸುವ ಭಾರಲೋಹಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ ಮುಖ್ಯವಾದವು. ಆರ್ಸೆನಿಕ್ ನಿಜಕ್ಕೂ ಅರೆಲೋಹ. ಆದರೆ ಅದರ ವಿಷಗುಣದಿಂದಾಗಿ ಅದನ್ನೂ ಇದೇ ಸಾಲಿಗೆ ಸೇರಿಸುವುದು ವಾಡಿಕೆ. ನೀರಿನಲ್ಲಿ ಕರಗಿದ ವಸ್ತು ಘನವಸ್ತುವೊಂದರ ಮೇಲ್ಮೈಗೆ ಅಂಟಿಕೊಳ್ಳುವುದು ಅಧಿಶೋಷಣೆ; ಅಂಟಿಸಿಕೊಳ್ಳುವ ಘನವಸ್ತು ಅಧಿಶೋಷಕ. ಸಕ್ರಿಯ ಇದ್ದಿಲು, ಸಕ್ರಿಯ ಅಲ್ಯೂಮಿನಾ, ಕಬ್ಬಿಣದ ಆಕ್ಸೈಡುಗಳು ಬಳಕೆಯಲ್ಲಿರುವ ಅಧಿಶೋಷಕಗಳು.

ಅಧಿಶೋಷಕ ತುಂಬಿದ ಫಿಲ್ಟರುಗಳನ್ನು ಜರಡಿಯೆಂದು ತಿಳಿಯುವವರೇ ಹೆಚ್ಚು. ಆದರೆ ಕರಗಿದ ಲೋಹದ ಅಯಾನು ಒಂದು ನ್ಯಾನೋಮೀಟರಿಗಿಂತ ಚಿಕ್ಕದು. ಕ್ಯಾಂಡಲ್ ಫಿಲ್ಟರಿನ ರಂಧ್ರಗಳಲ್ಲಿ ನೀರಿನ ಜೊತೆಗೇ ಸಲೀಸಾಗಿ ನುಸುಳುತ್ತದೆ. ಕುದಿಸಿದರೂ ಫಲವಿಲ್ಲ: ಆವಿಯಾಗುವುದು ನೀರು, ಉಳಿಯುವುದು ವಿಷ. ಅಧಿಶೋಷಕದಲ್ಲಿ ಕೆಲಸ ಮಾಡುವುದು ಮೇಲ್ಮೈ. ಒಂದು ಗ್ರಾಂ ಉತ್ತಮ ಸಕ್ರಿಯ ಇದ್ದಿಲಿನ ಒಳರಂಧ್ರಗಳ ಮೇಲ್ಮೈ ಸುಮಾರು 1,000 ಚದರ ಮೀಟರ್, ಅಂದರೆ 30×40 ಅಡಿಯ ಒಂಬತ್ತು ಸೈಟುಗಳಷ್ಟು! ಆದರೂ ಕ್ಲೋರಿನ್ ವಾಸನೆ ತೆಗೆಯುವುದರಲ್ಲಿ ನಿಸ್ಸೀಮವಾದ ಈ ಇದ್ದಿಲು ಆರ್ಸೆನಿಕ್ ಮುಂದೆ ಸೋಲುತ್ತದೆ. ಅಷ್ಟು ವಿಸ್ತಾರವಿಲ್ಲದ ಕಬ್ಬಿಣದ ತುಕ್ಕು ಗೆಲ್ಲುತ್ತದೆ.

ಗುಟ್ಟು ಇರುವುದು ತುಕ್ಕಿನ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳಲ್ಲಿ. ಗಾಳಿಯಾಡುವ ನೀರಿನಲ್ಲಿ ಆರ್ಸೆನಿಕ್ ಋಣಾವೇಶದ ಆರ್ಸೆನೇಟ್ ರೂಪದಲ್ಲಿರುತ್ತದೆ. ಅದು ಹೈಡ್ರಾಕ್ಸಿಲನ್ನು ಕಳಚಿ, ಆ ಜಾಗದಲ್ಲಿ ತಾನೇ ಕೂತು ಕಬ್ಬಿಣದೊಂದಿಗೆ ಗಟ್ಟಿ ಬಂಧ ಕಟ್ಟಿಕೊಳ್ಳುತ್ತದೆ. ಆಮ್ಲಜನಕವಿಲ್ಲದ ಆಳದ ನೀರಿನಲ್ಲಿ ಸಿಗುವುದು ಆರ್ಸೆನೈಟ್. ಸಾಮಾನ್ಯ ಪಿಎಚ್‌ನಲ್ಲಿ ಅದಕ್ಕೆ ವಿದ್ಯುದಾವೇಶವೇ ಇರುವುದಿಲ್ಲ, ಹಿಡಿಯುವುದು ಕಷ್ಟ. ಆದ್ದರಿಂದ ಮೊದಲು ಅದನ್ನು ಉತ್ಕರ್ಷಿಸಿ ಆರ್ಸೆನೇಟ್ ಮಾಡಿಕೊಳ್ಳುತ್ತಾರೆ. ಫಾಸ್ಫೇಟ್ ರಚನೆಯಲ್ಲಿ ಆರ್ಸೆನೇಟನ್ನೇ ಹೋಲುವುದರಿಂದ ಅದೇ ನೆಲೆಗಳಿಗೆ ಪೈಪೋಟಿ ನಡೆಸುತ್ತದೆ.

ಕೊಳವೆಬಾವಿಗಳ ನೀರಿನ ಆರ್ಸೆನಿಕ್‌ನಿಂದಾದ ಬಂಗಾಳದ ದುರಂತದ ಮೂಲವೂ ಇದೇ ತುಕ್ಕು. ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲಿನ ಕಣಗಳ ಮೇಲಿನ ಕಬ್ಬಿಣದ ಆಕ್ಸೈಡು ಆರ್ಸೆನಿಕನ್ನು ಹಿಡಿದಿಟ್ಟಿತ್ತು. ಹೂತುಹೋದ ಪದರಗಳಲ್ಲಿ ಆಮ್ಲಜನಕ ತೀರಿತು. ಸೂಕ್ಷ್ಮಜೀವಿಗಳು ಆಕ್ಸೈಡನ್ನು ಅಪಕರ್ಷಿಸಿ ಕರಗಿಸಿದವು. ಆರ್ಸೆನಿಕ್ ಕೊಳವೆಬಾವಿಗಳಿಗೆ ಇಳಿಯಿತು. ಹಿಡಿದಿಟ್ಟದ್ದೂ ತುಕ್ಕೇ, ಬಿಟ್ಟುಕೊಟ್ಟದ್ದೂ ತುಕ್ಕೇ! ಬಾಂಗ್ಲಾದೇಶ ಮೂಲದ ರಸಾಯನವಿಜ್ಞಾನಿ ಅಬುಲ್ ಹುಸ್ಸಾಮ್ ರೂಪಿಸಿದ ಸೋನೋ ಫಿಲ್ಟರ್ ತುಕ್ಕು, ಆರ್ಸೆನಿಕ್‌ಗಳ ಈ ನಂಟನ್ನೇ ಬಳಸಿಕೊಳ್ಳುತ್ತದೆ. ಮರಳು, ಇದ್ದಿಲು, ಇಟ್ಟಿಗೆ ಚೂರುಗಳ ಜೊತೆ ಸಂಸ್ಕರಿಸಿದ ಕಬ್ಬಿಣ ತುಂಬಿದ ಬಕೆಟ್ಟುಗಳಿಗೆ ವಿದ್ಯುತ್ ಬೇಡ. 2007ರಲ್ಲಿ ಅದಕ್ಕೆ ಅಮೆರಿಕದ ಗ್ರೇಂಜರ್ ಚಾಲೆಂಜ್ ಪ್ರಶಸ್ತಿ ಬಂತು.

ಅಧಿಶೋಷಕದ ನೆಲೆಗಳಿಗೆ ಮಿತಿಯಿದೆ. ಅವು ಒಂದೊಂದಾಗಿ ತುಂಬಿ, ಕೊನೆಗೆ ವಿಷ ತಡೆಯಿಲ್ಲದೆ ಹೊರಬರುತ್ತದೆ. ಆಗಲೂ ನೀರಿನ ಬಣ್ಣ, ರುಚಿ ಮೊದಲಿನಂತೆಯೇ ಇರುವುದರಿಂದ ಪರೀಕ್ಷೆಯಿಲ್ಲದೆ ತಿಳಿಯದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಸಲ್ಲದು. ಕೆಲಸ ಮುಗಿಸಿದ ಅಧಿಶೋಷಕವನ್ನು ತಿಪ್ಪೆಗೆ ಎಸೆಯುವುದು ಇನ್ನೂ ದೊಡ್ಡ ತಪ್ಪು. ಕೊಳೆಯುವ ಕಸದೊಳಗೆ ಗಾಳಿಯಿಲ್ಲ. ಬಂಗಾಳದ ನೆಲದಡಿ ನಡೆದದ್ದೇ ಅಲ್ಲೂ ನಡೆದೀತು.

ಕರ್ನಾಟಕಕ್ಕೂ ಈ ವಿಷಯ ದೂರದ್ದಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿದೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ತುಂಬಿದ ಜಂಬಿಟ್ಟಿಗೆ ಕಲ್ಲು ಕರಾವಳಿಯಲ್ಲಿ ಧಾರಾಳವಾಗಿದೆ. ಇದೇ ಜಾತಿಯ ಕಲ್ಲನ್ನು ಆಮ್ಲ, ಕ್ಷಾರಗಳಿಂದ ಸಂಸ್ಕರಿಸಿ ಆರ್ಸೆನಿಕ್ ಹಿಡಿಯುವ ಫಿಲ್ಟರನ್ನು ಐಐಟಿ ಖರಗ್‌ಪುರ ರೂಪಿಸಿದೆ. ಆದರೆ ಒಂದೂರಿನ ನೀರಿಗೆ ಒಗ್ಗಿದ ಅಧಿಶೋಷಕ ಇನ್ನೊಂದೂರಿಗೆ ಒಗ್ಗಬೇಕೆಂದಿಲ್ಲ. ಆಯಾ ಬಾವಿಯ ಪಿಎಚ್, ಫಾಸ್ಫೇಟ್, ಸಿಲಿಕಾ ಅಳೆದು, ಆ ನೀರಿನಲ್ಲೇ ನಮ್ಮ ಜಂಬಿಟ್ಟಿಗೆಯನ್ನು ಪರೀಕ್ಷಿಸುವ ಕೆಲಸಕ್ಕೆ ಇಲ್ಲಿನ ರಸಾಯನವಿಜ್ಞಾನ ವಿದ್ಯಾರ್ಥಿಗಳು ಕೈಹಾಕಬೇಕು.