ಪಹಣಿಯ ಗಣಕಯಂತ್ರಗಳೂ ತೆಂಗಿನ ಸೀಮೆಯ ಹಿಡುವಳಿದಾರರೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬೆಳೆಗಾರರು ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಕಾದು ಉಂಡೆ ಕೊಬ್ಬರಿಯನ್ನು ಪಡೆಯುವರು. ಪೇಟೆಯ ಧಾರಣೆ ಕುಸಿದ ವರ್ಷಗಳಲ್ಲಿ ಇವರಿಗೆ ಬೆಂಬಲ ಬೆಲೆಯೇ ಆಧಾರ. ೨೦೨೪ರಲ್ಲಿ ಇದು ಕ್ವಿಂಟಾಲಿಗೆ ೧೨,೦೦೦ ರೂಪಾಯಿಗಳಾಗಿದ್ದಿತು. ಆದರೆ ಖರೀದಿಗೆ ಹೆಸರು ನೋಂದಾಯಿಸುವಾಗ ಕೊಬ್ಬರಿಯ ಗುಣಕ್ಕಿಂತ ಮೊದಲು ನೋಡುವುದು ಫ್ರೂಟ್ಸ್ ಗುರುತಿನ ಸಂಖ್ಯೆಯನ್ನೂ ಪಹಣಿಯ ವಿವರವನ್ನೂ ಆದುದರಿಂದ, ಪಹಣಿಯನ್ನು ಕಾಪಾಡುವ ಗಣಕಯಂತ್ರಗಳ ವ್ಯವಸ್ಥೆ ಹೇಗಿದೆಯೆಂಬುದನ್ನು ಗ್ರಾಮಮುಖ್ಯರು ಅರಿತಿರುವುದು ಯುಕ್ತವಾಗಿದೆ.

ಹಿಂದೆ ಈ ಲೆಕ್ಕಗಳು ಶಾನುಭೋಗರ ವಶದಲ್ಲಿದ್ದುವು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದ ಮೇಲೆ ಅವು ಗ್ರಾಮಲೆಕ್ಕಿಗರ ಕೈಗೆ ಬಂದುವು. ರಾಜ್ಯದಲ್ಲಿ ಸುಮಾರು ೯,೦೦೦ ಲೆಕ್ಕಿಗರಿದ್ದು, ಒಬ್ಬೊಬ್ಬರಿಗೆ ಹಲವು ಗ್ರಾಮಗಳು ಸೇರಿದ್ದುವು. ಒಂದು ನಕಲಿಗಾಗಿ ದಿನಗಟ್ಟಲೆ ಅಲೆಯುವುದೂ, ಬರಹವು ತಿದ್ದುಪಾಟಿಗೆ ಒಳಗಾಗುವುದೂ ಆಗ ಅಪರೂಪವಾಗಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆರಂಭವಾದ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಪ್ರತಿ ತಾಲ್ಲೂಕು ಕಚೇರಿಯಲ್ಲಿ ಕಿಟಕಿಯೊಂದನ್ನು ತೆರೆದು ೧೫ ರೂಪಾಯಿಗೆ ನಕಲು ಕೊಡುವ ಏರ್ಪಾಡಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೀರ್ಮಾನಿಸಬೇಕೆಂದೂ, ದಾಖಲೆಯನ್ನು ಮುಟ್ಟುವ ನೌಕರನು ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕೆಂದೂ ನಿಯಮವಾಯಿತು. ಈ ಎರಡನೆಯ ನಿಯಮದ ಬೆಲೆಯನ್ನು ಜನರು ಇನ್ನೂ ಸಾಕಷ್ಟು ಅರಿತಂತಿಲ್ಲ. ಯಾರು ಯಾವ ಅಂಕಣವನ್ನು ತಿದ್ದಿದರೆಂಬುದು ಇದರಿಂದ ಗೊತ್ತಾಗುತ್ತದೆ.

ಆರಂಭದಲ್ಲಿ ತಾಲ್ಲೂಕು ತಾಲ್ಲೂಕಿಗೂ ಪ್ರತ್ಯೇಕ ಯಂತ್ರ, ಪ್ರತ್ಯೇಕ ದಾಖಲೆಕೋಶ, ವಿದ್ಯುತ್ತು ನಿಂತಾಗ ಬೇಕಾಗುವ ಜನರೇಟರು ಇದ್ದುವು. ಯಂತ್ರ ಕೆಟ್ಟರೆ ತಜ್ಞನು ಅಲ್ಲಿಗೇ ಬರಬೇಕು. ಕಾರ್ಯಕ್ರಮದಲ್ಲಿ ಒಂದು ತಿದ್ದುಪಡಿಯಾದರೆ ಎಲ್ಲ ಕಚೇರಿಗಳಲ್ಲಿಯೂ ಅದನ್ನು ಬೇರೆ ಬೇರೆಯಾಗಿ ಅಳವಡಿಸಬೇಕು. ಕಾಲಕ್ರಮದಲ್ಲಿ ದಾಖಲೆಗಳನ್ನೆಲ್ಲ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿಸಿ, ಬೆಂಗಳೂರಿನ ಭೂಮಿ ಉಸ್ತುವಾರಿ ಕೋಶದಿಂದ ಎಲ್ಲ ತಾಲ್ಲೂಕುಗಳಿಗೂ ನೆರವು ದೊರೆಯುವಂತೆ ಮಾಡಲಾಯಿತು. ಇದರಿಂದ ಹುಳಿಯಾರಿನವನೂ ಹೊನ್ನವಳ್ಳಿಯವನೂ ಮಾಯಸಂದ್ರದವನೂ ತಂತಮ್ಮ ನಾಡಕಚೇರಿಯಲ್ಲಿ ಒಂದೇ ದಾಖಲೆಯನ್ನು ಕಾಣುವಂತಾಗಿದೆ. ಲಾಭವು ದೊಡ್ಡದು; ಆದರೂ ಇದು ಒಂದೇ ತೂಬಿನ ಕೆರೆಯಂತೆ. ತೂಬು ಕಟ್ಟಿಕೊಂಡ ದಿನ ಮೇಲಿನ ಗದ್ದೆಗೂ ಇಲ್ಲ, ಕೆಳಗಿನ ಗದ್ದೆಗೂ ಇಲ್ಲ. ಖರೀದಿಗೆ ಜನ ಸಾಲುಗಟ್ಟಿ ನಿಂತಿರುವಾಗ ಕೇಂದ್ರದ ಯಂತ್ರ ಸ್ತಬ್ಧವಾದರೆ ಮೂರು ತಾಲ್ಲೂಕುಗಳ ಕೊಬ್ಬರಿಯೂ ಚೀಲದಲ್ಲಿಯೇ ಉಳಿಯಬೇಕಾಗುವುದು.

ಕೇಂದ್ರದವರು ಯಂತ್ರವನ್ನು ರಿಪೇರಿ ಮಾಡಬಲ್ಲರು. ತೋಟದ ಖಾತೆ ಕಾಲವಾದ ತಾತನ ಹೆಸರಿನಲ್ಲಿಯೇ ಇದ್ದರೆ ವಾರಸುದಾರರು ಯಾರೆಂಬುದು ಅವರಿಗೆ ತಿಳಿಯುವ ಬಗೆಯಿಲ್ಲ. ಈ ಸೀಮೆಯ ಬಹುಪಾಲು ತೊಡಕುಗಳು ಇಲ್ಲಿಯೇ ಹುಟ್ಟುವುವೆಂದರೆ ಅತಿಶಯೋಕ್ತಿಯಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು, ಮರಗಳನ್ನು ಎಣಿಸಿಕೊಂಡು, ದಾಖಲೆಯನ್ನು ಮಾತ್ರ ಹಾಗೆಯೇ ಬಿಟ್ಟಿರುವುದುಂಟು. ಅಂಥವರಿಗೆ ಪೌತಿ ಖಾತೆಯಾಗದೆ ತಮ್ಮ ಹೆಸರಿನಲ್ಲಿ ಕೊಬ್ಬರಿ ನೋಂದಾಯಿಸುವುದು ಕಷ್ಟ. ಬೆಳೆಯ ಅಂಕಣದ ಸಂಗತಿಯೂ ಇಂಥದೇ. ತೆಂಗಿನ ಸಾಲುಗಳ ನಡುವೆ ರಾಗಿ ಬಿತ್ತಿರುವ ತಾಕಿನಲ್ಲಿ ಸಮೀಕ್ಷೆಗೆ ಬಂದವನು ರಾಗಿಯನ್ನಷ್ಟೇ ಬರೆದುಕೊಂಡು ಹೋದರೆ, ಮರಗಳು ಕಣ್ಣೆದುರಿಗಿದ್ದರೂ ಲೆಕ್ಕದಲ್ಲಿ ಇಲ್ಲವಾಗುವುವು. ಆದಕಾರಣ ಸಮೀಕ್ಷೆಯ ದಿನ ಯಜಮಾನನಾಗಲಿ ಮನೆಯವರೊಬ್ಬರಾಗಲಿ ತಾಕಿನಲ್ಲಿದ್ದು ಎರಡು ಬೆಳೆಗಳನ್ನೂ ತೋರಿಸತಕ್ಕದ್ದು. ತಪ್ಪು ನಮೂದಾಗಿದ್ದಲ್ಲಿ ಗೊತ್ತುಪಡಿಸಿದ ಅವಧಿಯೊಳಗೆ ಆಕ್ಷೇಪಣೆಯನ್ನು ಸಲ್ಲಿಸಬೇಕು.

ಖರೀದಿ ಕೇಂದ್ರ ತೆರೆದ ಮೇಲೆ ಪಹಣಿಗಾಗಿ ಓಡಾಡುವ ವಾಡಿಕೆಯನ್ನು ಬಿಡುವುದು ಮೇಲು. ಕಾಯಿ ಅಟ್ಟಕ್ಕೇರಿದ ತಿಂಗಳಲ್ಲಿಯೇ ನಕಲನ್ನು ತೆಗೆಯಿಸಿ, ಹೆಸರು, ವಿಸ್ತೀರ್ಣ, ಬೆಳೆ ಈ ಮೂರನ್ನೂ ಓದಿ ನೋಡತಕ್ಕದ್ದು. ಓದಲು ಬಾರದವರಿಗೆ ಗ್ರಾಮಮುಖ್ಯರು ಓದಿ ಹೇಳುವುದು. ಕೊಬ್ಬರಿ ಗಿಟಕಾಗುವುದರೊಳಗೆ ತಪ್ಪನ್ನು ತಿದ್ದಿಸಿಕೊಳ್ಳಲು ಹತ್ತು ತಿಂಗಳ ಅವಕಾಶವಿರುತ್ತದೆ.