ಏಳು ನಡುಗಡ್ಡೆ, ಒಂದೂಕಾಲು ಕೋಟಿ ಜನ, ನಡುವೆ ಚಿರತೆ

2011ರ ಜನಗಣತಿಯಲ್ಲಿ ಮುಂಬಯಿಯ ಸಾಲಿಗೆ ಬಂದರೆ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಬೇಕಾಗುತ್ತದೆ. ಕೊಲಾಬಾದಿಂದ ಮಾಹಿಮ್, ಸಯಾನ್‌ವರೆಗಿನ ನಗರ ಜಿಲ್ಲೆಯಲ್ಲಿ 2001ರಲ್ಲಿ ಇದ್ದವರು 33,38,031 ಮಂದಿ. ಹತ್ತು ವರ್ಷ ಕಳೆದ ಮೇಲೆ 30,85,411! ಕಾಲಿಡಲು ಜಾಗವಿಲ್ಲ ಎಂದು ಲೋಕವೆಲ್ಲ ಹೇಳುವ ಊರಿನಲ್ಲಿ ಎರಡೂವರೆ ಲಕ್ಷ ಜನ ಕಡಿಮೆ!

ಬಹಳ ಮಂದಿ ಹೋದದ್ದು ಉತ್ತರಕ್ಕೆ. 1982ರ ಕಾರ್ಮಿಕರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಪರೇಲ್, ಲಾಲ್‌ಬಾಗ್‌ಗಳಲ್ಲಿ ಚಾಳುಗಳಿದ್ದ ಕಡೆ ಗೋಪುರಗಳೆದ್ದವು, ಸಂಸಾರಗಳು ರೈಲು ಹಳಿಯ ಗುಂಟ ಉಪನಗರಕ್ಕೆ, ಅದರಾಚೆಗೂ ಸರಿದವು. ಉಪನಗರ ಜಿಲ್ಲೆಯೊಂದರಲ್ಲೇ 93,56,962 ಜನ. ಎರಡೂ ಸೇರಿದರೆ 1.24 ಕೋಟಿ!

ಇದರಲ್ಲಿ ನಗರ ಜಿಲ್ಲೆಯ ನೆಲವೋ, ಅದನ್ನು ಮನುಷ್ಯರೇ ಜೋಡಿಸಿ ಕಟ್ಟಿಕೊಂಡದ್ದು! ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್: ಏಳು ತುಂಡು ನೆಲ, ನಡುವೆ ಉಬ್ಬರ ಬಂದಾಗಲೆಲ್ಲ ನುಗ್ಗುವ ಕಡಲು. 1668ರಲ್ಲಿ ಇಂಗ್ಲೆಂಡಿನ ದೊರೆ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟದ್ದು ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ. ಹದಿನೆಂಟನೇ ಶತಮಾನದ ಕೊನೆಗೆ ಮಹಾಲಕ್ಷ್ಮಿಯ ಬಳಿ ಹಾರ್ನ್‌ಬಿ ಒಡ್ಡು ಕಡಲನ್ನು ತಡೆಯಿತು. ಆಮೇಲೆ ಮಣ್ಣು ತುಂಬುತ್ತಲೇ ಹೋದರು. ಮಾಹಿಮ್‌ನಿಂದ ಬಾಂದ್ರಾಕ್ಕೆ 1845ರಲ್ಲಿ ಆದ ಸೇತುದಾರಿಗೆ ಹಣ ಕೊಟ್ಟವರು ಜಮ್ಶೆಟ್ಜಿ ಜೀಜೀಭಾಯ್ ಅವರ ಪತ್ನಿ ಅವಾಬಾಯಿ. ಇಂದು ನಾವು ಕಾರಿನಲ್ಲಿ ಕಿಟಕಿಯಾಚೆಗೂ ನೋಡದೆ ದಾಟುವ ದಾರಿ ಅದು!

ಬಾಂದ್ರಾ ದಾಟಿದರೆ ಸಾಲ್ಸೆಟ್, ಇನ್ನೊಂದು ದೊಡ್ಡ ದ್ವೀಪ. ಅದರ ಎದೆಯಲ್ಲಿ ನೂರು ಚದರ ಕಿಲೋಮೀಟರಿಗೂ ಮಿಗಿಲಾದ ಕಾಡು! ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೂ ಅದರ ಅಂಚಿನಲ್ಲೂ ನಲವತ್ತಕ್ಕೂ ಹೆಚ್ಚು ಚಿರತೆಗಳು. ಕ್ಯಾಮೆರಾ ಬಲೆಯಲ್ಲಿ ಸಿಕ್ಕ ಚುಕ್ಕೆಗಳ ವಿನ್ಯಾಸ ನೋಡಿ ಒಂದೊಂದನ್ನೂ ಗುರುತಿಸಿ ಎಣಿಸಿದ ಲೆಕ್ಕ ಇದು. ಜನದಟ್ಟಣೆಯಲ್ಲಿ ಲೋಕಪ್ರಸಿದ್ಧವಾದ ಊರು ಚಿರತೆಗಳ ದಟ್ಟಣೆಯಲ್ಲೂ ಜಗತ್ತಿನ ಮುಂಚೂಣಿಯಲ್ಲಿದೆ! ಅವು ರಾತ್ರಿ ಹೊತ್ತು ಅಂಚಿನ ಬಡಾವಣೆಗಳಿಗಿಳಿದು ಬೀದಿನಾಯಿ ಹಿಡಿಯುತ್ತವೆ. ಬೆಟ್ಟದ ಮೇಲೆ ಬೌದ್ಧ ಭಿಕ್ಷುಗಳು ಕೊರೆದ ಕಾನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳು, ಅಲ್ಲೇ ಮಳೆನೀರು ಹಿಡಿಯಲು ಬಂಡೆಯಲ್ಲಿ ಕಡಿದ ತೊಟ್ಟಿಗಳು. ಪಕ್ಕದ ವಿಹಾರ್ ಕೆರೆಯಿಂದ 1860ರಲ್ಲಿ ಮುಂಬಯಿಗೆ ಕೊಳವೆ ನೀರು ಹರಿಯಿತು. ಜನ ಹೆಚ್ಚಿದ್ದಕ್ಕೆ ಕೆರೆ ಬೇಕಾಯಿತು, ಕೆರೆ ಬಂದದ್ದಕ್ಕೆ ಜನ ಇನ್ನೂ ಹೆಚ್ಚಿದರು.

ನನ್ನನ್ನು ಎಲ್ಲಕ್ಕಿಂತ ಮಿಗಿಲಾಗಿ ಬೆರಗುಗೊಳಿಸಿದ್ದು ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್. ಸುತ್ತ ಅಪಾರ್ಟ್‌ಮೆಂಟುಗಳು, ಬುಡಕ್ಕೆ ಅಂಟಿಕೊಂಡ ಜೋಪಡಿಗಳು, ನಡುವೆ ಸುಮಾರು 200 ಅಡಿ ಎತ್ತರಕ್ಕೆ ನೇರ ನಿಂತ ಕರಿಗಲ್ಲ ಕಂಬಗಳ ಕಟ್ಟು! ಡೈನೋಸಾರುಗಳು ಅಳಿದ ಕಾಲದಲ್ಲಿ, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ, ಉಕ್ಕಿದ ಶಿಲಾರಸ ತಣಿದು ಕುಗ್ಗುತ್ತಾ ಬಿರುಕುಬಿಟ್ಟು ಕಂಬಗಳಾದ ಬಸಾಲ್ಟ್ ಅದು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪ ಕಂಡವರಿಗೆ ಈ ರೂಪ ಹೊಸದಲ್ಲ. ಆದರೆ ಆ ಕಂಬಗಳು ಇನ್ನೂ ಹಳೆಯವು: ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು, ಎಂಟೂಮುಕ್ಕಾಲು ಕೋಟಿ ವರ್ಷದಷ್ಟು ಹಿಂದಿನವು!

ಮಲ್ಪೆ ಕರಾವಳಿಯ ಮೊಗವೀರರು ಮುಂಬಯಿಗೆ ಬಂದು 1902ರಲ್ಲೇ ಕಟ್ಟಿಕೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಿಕ್ಷಣ ಸಂಸ್ಥೆ ಇರುವುದೂ ಅಂಧೇರಿ ಪಶ್ಚಿಮದಲ್ಲೇ. ಅಜ್ಜಂದಿರು ದೋಣಿಯಲ್ಲಿ ಕುಳಿತು ನೋಡುತ್ತಿದ್ದಂಥ ಕಲ್ಲಕಂಬಗಳು ಮೊಮ್ಮಕ್ಕಳ ಕಾಲೇಜಿನ ಆಸುಪಾಸಿನಲ್ಲೇ ನಿಂತಿವೆ! ಸುತ್ತಲಿನ ಬಂಡೆಯನ್ನೆಲ್ಲ ಕಲ್ಲುಗಣಿ ಕಡಿದೊಯ್ದ ಮೇಲೆ ಉಳಿದದ್ದು ಇಷ್ಟೇ. ಮೆಟ್ಟಿಲುಗಳಿವೆ, ತುದಿಯಲ್ಲಿ ಗಾಂವ್‌ದೇವಿಯ ಗುಡಿಯಿದೆ. ಅಂಧೇರಿಯ ಮಕ್ಕಳೆಲ್ಲ ಭೂಗೋಳದ ಮೊದಲ ಪಾಠವನ್ನು ಅಲ್ಲಿ ಹತ್ತಿಯೇ ಕಲಿಯಲಿ!